ಬೆಳ್ಳಂದೂರು ಕೆರೆ ರನ್‌ವೇ ಆಗಿದ್ದಾಗ

ಬಾಳೆಗುಳಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುವಾಗ ಅಲಗೇರಿಗೆ ಬರಲಿರುವ ವಿಮಾನ ನಿಲ್ದಾಣದ ಮಾತು ಬಂದೇ ಬರುತ್ತೆ. ರನ್‌ವೇ ಅಂದ್ರೆ ನಮಗೆಲ್ಲ ಉದ್ದನೆಯ ಕಾಂಕ್ರೀಟ್ ಪಟ್ಟಿ. ಆದರೆ ಎರಡನೇ ಮಹಾಯುದ್ಧದಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯೇ ರನ್‌ವೇ ಆಗಿತ್ತು!

1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಶುರು ಮಾಡಿದರು. 1943ರಲ್ಲಿ ಅದರ ಉಸ್ತುವಾರಿ ಅಮೆರಿಕ ಸೇನೆಗೆ ಹೋಯ್ತು; ಕಾರ್ಖಾನೆ ಯುದ್ಧವಿಮಾನಗಳ ದೊಡ್ಡ ರಿಪೇರಿ ಡಿಪೋ ಆಯ್ತು. ಕ್ಯಾಟಲಿನಾ ವಿಮಾನಗಳೂ ರಿಪೇರಿಗೆ ಬರುತ್ತಿದ್ದವು. ಇವು ಹಾರುವ ದೋಣಿಗಳು: ರೆಕ್ಕೆಯ ಅಗಲ ಸುಮಾರು 32 ಮೀಟರ್, ಹೊಟ್ಟೆ ಮಾತ್ರ ದೋಣಿಯದ್ದೇ. ಹತ್ತಿರದ ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು.

ನೀರಿಂದ ಏಳೋದು ಹೇಗೆ? ದೋಣಿಯ ತಳದಲ್ಲಿ ಮೆಟ್ಟಿಲಿನಂಥ ಒಂದು ಕಟಾವು ಇರುತ್ತೆ. ವೇಗ ಹೆಚ್ಚಿದಾಗ ನೀರು ಅಲ್ಲೇ ತಳವನ್ನು ಬಿಟ್ಟುಕೊಡುತ್ತೆ. ಎಳೆತ ಕಡಿಮೆಯಾಗಿ ವಿಮಾನ ಮೇಲೇಳುತ್ತೆ. ಕಟಾವು ಇಲ್ಲದಿದ್ರೆ ನೀರು ಹಿಂಭಾಗಕ್ಕೆ ಅಂಟಿಕೊಂಡು ಕೆಳಗೆಳೆಯುತ್ತೆ.

ಯುದ್ಧಕ್ಕಾಗಿಯೇ ಎಲ್ಲೆಡೆ ಉದ್ದದ ರನ್‌ವೇಗಳು ಬಂದವು, ನೆಲದ ವಿಮಾನಗಳೂ ದೂರ ಹಾರತೊಡಗಿದವು. ಹಾರುವ ದೋಣಿಗಳಿಗೆ ಕೆಲಸ ತಪ್ಪಿತು. ನೀರಿನ ರನ್‌ವೇ ಒಂದು ಗೆರೆಯನ್ನೂ ಉಳಿಸಲಿಲ್ಲ.

ಆಮೇಲೆ ನಗರ ಆ ಕೆರೆಗೆ ಕೊಟ್ಟ ಕೆಲಸ ಕೊಳಚೆ ಹೊರೋದು. 2018ರ ಜನವರಿಯಲ್ಲಿ ಅಲ್ಲಿ ಬೆಂಕಿಯೇ ಹತ್ತಿತು. ರನ್‌ವೇ ಹೋದದ್ದು ಕಾಲದಿಂದ. ಕೆರೆ ಕೆಟ್ಟದ್ದು ನಮ್ಮಿಂದ.