ಮನೆಯ ಬೆಕ್ಕು ವಾಂತಿ ಮಾಡಿದರೆ: ಯಾವಾಗ ಕಾಯಬಹುದು, ಯಾವಾಗ ಆಸ್ಪತ್ರೆಗೆ ಓಡಬೇಕು?



ನಮ್ಮ ಭಾಗದಲ್ಲಿ ಹಸು-ಎಮ್ಮೆ ಕಟ್ಟಿದ ಮನೆಯಲ್ಲಿ ಒಂದು ಬೆಕ್ಕೂ ಇರುವುದು ಸಾಮಾನ್ಯ. ತೊಗರಿ ರಾಶಿ ಮುಗಿದು ಚೀಲಗಳು ಮನೆ ಸೇರಿದ ಮೇಲೆ ಇಲಿಗಳೂ ಬೆನ್ನಹಿಂದೆಯೇ ಬರುತ್ತವೆ. ತೊಗರಿ, ಜೋಳ, ಹಿಂಡಿ, ಪಶು ಆಹಾರದ ಚೀಲಗಳನ್ನು ಹಗಲಿರುಳು ಕಾಯುವುದು ಇದೇ ಬೆಕ್ಕು. ಕಲಬುರಗಿ ನಗರದ ಮನೆಗಳಲ್ಲಿಯೂ ಈಗ ಮುದ್ದಿಗಾಗಿ ಬೆಕ್ಕು ಸಾಕುವವರು ಹೆಚ್ಚಾಗಿದ್ದಾರೆ. ಹಸುವಿಗೆ ಮೇವು ಸೇರದಿದ್ದರೆ ನಾವು ಕೂಡಲೇ ವೈದ್ಯರನ್ನು ಕರೆಸುತ್ತೇವೆ. ಬೆಕ್ಕು ವಾಂತಿ ಮಾಡಿದರೆ ಮಾತ್ರ "ಏನೋ ತಿಂದಿರಬೇಕು" ಎಂದು ಸುಮ್ಮನಾಗುತ್ತೇವೆ. ಹಲವು ಸಲ ಅದು ಸರಿಯೇ. ಆದರೆ ಹೈನುಗಾರರ ಮನೆಯಲ್ಲಿ ಇಲಿ ಪಾಷಾಣ, ಉಣ್ಣೆ ಔಷಧ, ಜ್ವರದ ಮಾತ್ರೆಗಳು ಕೈಗೆಟಕುವ ಜಾಗದಲ್ಲಿಯೇ ಇರುತ್ತವೆ. ಆದ್ದರಿಂದ ಸಾಮಾನ್ಯ ವಾಂತಿ ಯಾವುದು, ಅಪಾಯದ ವಾಂತಿ ಯಾವುದು ಎಂಬುದನ್ನು ತಿಳಿದಿರಬೇಕು.

ಮೊದಲು ನೋಡಬೇಕಾದದ್ದು

ಬೆಕ್ಕು ಹೊಟ್ಟೆಯನ್ನು ಎಳೆದೆಳೆದು ಒಳಗಿನದನ್ನು ಹೊರಹಾಕಿದರೆ ಅದು ವಾಂತಿ. ತಿಂದ ತಕ್ಷಣ, ಹೊಟ್ಟೆ ಎಳೆಯದೆ, ಆಹಾರ ಹಾಗೆಯೇ ಉರುಳಿಬಂದರೆ ಅದು ಅನ್ನನಾಳದಿಂದಲೇ ಮರಳಿದ್ದು. ಕತ್ತು ಮುಂದೆ ಚಾಚಿ ನೆಲಕ್ಕೆ ಕುಗ್ಗಿ ಗೊರಗೊರ ಎನ್ನುತ್ತಿದ್ದು ಏನೂ ಬರದಿದ್ದರೆ ಅದು ಕೆಮ್ಮೂ ಆಗಿರಬಹುದು. ಮೂರಕ್ಕೂ ಕಾರಣ ಬೇರೆ, ಚಿಕಿತ್ಸೆ ಬೇರೆ. ಮೊಬೈಲಿನಲ್ಲಿ ಒಂದು ವಿಡಿಯೋ ಮಾಡಿಕೊಂಡರೆ ವೈದ್ಯರಿಗೆ ಬಹಳ ಅನುಕೂಲ. ಎಷ್ಟು ಸಲ ಆಯಿತು, ಏನು ಬಂತು, ವಾಂತಿಯ ನಂತರ ಬೆಕ್ಕು ಹೇಗಿದೆ ಎಂಬ ಮೂರು ಸಂಗತಿಗಳನ್ನು ನೆನಪಿಟ್ಟುಕೊಳ್ಳಿ.

ಸಾಮಾನ್ಯವಾಗಿ ಕಂಡುಬರುವ ಕಾರಣಗಳು

1. ಕೂದಲಿನ ಉಂಡೆ: ಬೆಕ್ಕಿನ ನಾಲಿಗೆ ಅರದಂತೆ ಒರಟು. ಮೈ ನೆಕ್ಕುವಾಗ ಉದುರಿದ ಕೂದಲು ಹೊಟ್ಟೆ ಸೇರಿ, ಒಮ್ಮೊಮ್ಮೆ ಸುರುಳಿಯಾಗಿ ಹೊರಬರುತ್ತದೆ. ಅಪರೂಪಕ್ಕೆ ಹೀಗಾದರೆ ಚಿಂತೆ ಬೇಡ. ವಾರವಾರವೂ ಆದರೆ ತೋರಿಸಬೇಕು. ಉದ್ದ ಕೂದಲಿನ ಬೆಕ್ಕಿಗೆ ದಿನವೂ ಬಾಚಣಿಗೆ ಆಡಿಸಿದರೆ ಈ ತೊಂದರೆ ಕಡಿಮೆಯಾಗುತ್ತದೆ.

2. ಗಬಗಬ ತಿನ್ನುವುದು: ಎರಡು-ಮೂರು ಬೆಕ್ಕುಗಳಿಗೆ ಒಂದೇ ತಟ್ಟೆ ಇಟ್ಟರೆ ಪೈಪೋಟಿಯಲ್ಲಿ ನುಂಗಿ ಕಕ್ಕುತ್ತವೆ. ತಟ್ಟೆ ಬೇರೆ ಮಾಡಿ, ಸ್ವಲ್ಪ ಸ್ವಲ್ಪವೇ ಹಾಕಿ.

3. ಆಹಾರದ ದಿಢೀರ್ ಬದಲಾವಣೆ: ಪಶು ಆಹಾರ ಬದಲಿಸುವಾಗ ಹಸುವಿಗೆ ಹಂತಹಂತವಾಗಿ ರೂಢಿ ಮಾಡಿಸುತ್ತೇವೆ. ಬೆಕ್ಕಿಗೂ ಅದೇ ನಿಯಮ. ಹೊಸ ಆಹಾರವನ್ನು 7 ದಿನಗಳಲ್ಲಿ ಹಳೆಯದರೊಂದಿಗೆ ಬೆರೆಸುತ್ತಾ ಹೆಚ್ಚಿಸಬೇಕು.

4. ಜಂತು ಹುಳು: ಮರಿಗಳಲ್ಲಿ ಶಾವಿಗೆಯಂಥ ಬಿಳಿ ಹುಳು ವಾಂತಿಯಲ್ಲಿ ಬರುವುದುಂಟು. ವೈದ್ಯರು ಬೆಕ್ಕಿನ ತೂಕ ನೋಡಿ ಕೊಡುವ ಔಷಧವನ್ನೇ ಹಾಕಿ. 400 ಕಿಲೋ ಹಸುವಿನ ಜಂತು ಮಾತ್ರೆಯನ್ನು ಮುರಿದು 3 ಕಿಲೋ ಬೆಕ್ಕಿಗೆ ಅಂದಾಜಿನಲ್ಲಿ ಕೊಡಬಾರದು.

5. ಹುಲ್ಲು: ಬೆಕ್ಕು ಹಸಿ ಹುಲ್ಲು ತಿಂದು ಕಕ್ಕುವುದು ಸಹಜ ಸ್ವಭಾವ. ಆದರೆ ಆಗತಾನೆ ಕೀಟನಾಶಕ ಹೊಡೆದ ಬದುವಿನ ಹುಲ್ಲು ಅಪಾಯ.

ಹಾಲು ಬೆಕ್ಕಿಗೆ ಒಳ್ಳೆಯದೇ?

ಕರೆಯುವ ಹೊತ್ತಿಗೆ ಬೆಕ್ಕಿಗೂ ಒಂದು ಬಟ್ಟಲು ಹಾಲು ಎಂಬುದು ನಮ್ಮಲ್ಲಿ ರೂಢಿ. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಅದನ್ನು ಜೀರ್ಣಿಸುವ ಕಿಣ್ವ ಮರಿಗಳಲ್ಲಿ ಚೆನ್ನಾಗಿರುತ್ತದೆ. ತಾಯಿ ಹಾಲು ಬಿಟ್ಟ ಮೇಲೆ ಕಡಿಮೆಯಾಗುತ್ತಾ ಹೋಗುತ್ತದೆ. ಹೀಗಾಗಿ ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲಿನಿಂದ ಹೊಟ್ಟೆಯುಬ್ಬರ, ಭೇದಿ, ಕೆಲವಕ್ಕೆ ವಾಂತಿಯಾಗುತ್ತದೆ. ಎಮ್ಮೆ ಹಾಲು, ಕೆನೆಯಲ್ಲಿ ಜಿಡ್ಡೂ ಹೆಚ್ಚು. ಎಷ್ಟೋ ವರ್ಷಗಳಿಂದ ಕುಡಿದು ಆರಾಮಾಗಿರುವ ಬೆಕ್ಕಿಗೆ ಒಂದು ಗುಟುಕು ಹಾಕಿದರೆ ತೊಂದರೆಯಿಲ್ಲ. ಆಗಾಗ ಕಕ್ಕುವ ಬೆಕ್ಕಿಗೆ ಮಾತ್ರ ಎರಡು ವಾರ ಹಾಲು ನಿಲ್ಲಿಸಿ ನೋಡಿ.

ಇನ್ನೊಂದು ಮಾತು. ಬೆಕ್ಕು ಮಾಂಸಾಹಾರಿ ಪ್ರಾಣಿ. ಅದಕ್ಕೆ ಬೇಕಾದ ಟಾರಿನ್ ಎಂಬ ಪೋಷಕಾಂಶ ಮಾಂಸ-ಮೀನಿನಲ್ಲಿದೆ, ಹಾಲು-ರೊಟ್ಟಿಯಲ್ಲಿ ಸಾಕಷ್ಟಿಲ್ಲ. ಅದು ಸಿಗದಿದ್ದರೆ ಕಣ್ಣು, ಹೃದಯ ಕೆಡುತ್ತವೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿದ ಸಾರು ಬೆಕ್ಕಿನ ರಕ್ತಕಣಗಳನ್ನು ಹಾಳುಮಾಡುತ್ತದೆ. ಸಾರು-ರೊಟ್ಟಿ ಕಲಸಿ ಹಾಕಬೇಡಿ.

ನಮ್ಮ ಮನೆಯಲ್ಲಿಯೇ ಇರುವ ನಾಲ್ಕು ವಿಷಗಳು

ಇಲಿ ಪಾಷಾಣ: ಬೂದು-ಕಪ್ಪು ಬಣ್ಣದ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲದೊಂದಿಗೆ ಸೇರಿ ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ಬೆಕ್ಕಿನ ವಾಂತಿಯಿಂದಲೂ ಈ ಅನಿಲ ಬರುವುದರಿಂದ ಕಿಟಕಿ-ಬಾಗಿಲು ತೆರೆಯಿರಿ, ಬಗ್ಗಿ ಮೂಸಿ ನೋಡಬೇಡಿ, ಮಕ್ಕಳನ್ನು ದೂರವಿಡಿ. ಬ್ರೋಮಾಡಿಯೋಲೋನ್ ಬಿಲ್ಲೆಗಳ ರೀತಿ ಬೇರೆ. ತಿಂದ ದಿನ ಬೆಕ್ಕು ಚೆನ್ನಾಗಿಯೇ ಇರುತ್ತದೆ. ಕೆಲವು ದಿನಗಳ ನಂತರ ಒಳಗೆ ರಕ್ತಸ್ರಾವ ಶುರುವಾಗುತ್ತದೆ. ಇದಕ್ಕೆ ವಿಟಮಿನ್ ಕೆ-1 ಚಿಕಿತ್ಸೆ ಇದೆ, ಬೇಗ ಹೋದರೆ ಜೀವ ಉಳಿಯುತ್ತದೆ. ವಿಷ ತಿಂದು ಸತ್ತ ಇಲಿಯನ್ನು ಬೆಕ್ಕು ತಿಂದರೂ ಅಪಾಯವಿದೆ. ಬೆಕ್ಕು ಇರುವ ಮನೆಯಲ್ಲಿ ಪಾಷಾಣಕ್ಕಿಂತ ಬೋನು ಲೇಸು.

ಉಣ್ಣೆ ಔಷಧ: ದನಗಳ ಮೈಗೆ ಹಚ್ಚುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ದ್ರಾವಣ ಹಸುವಿಗೆ ಸರಿ, ಬೆಕ್ಕಿಗೆ ವಿಷ. ಬೆಕ್ಕಿನ ಯಕೃತ್ತಿಗೆ ಅದನ್ನು ಬೇಗ ಕರಗಿಸುವ ಶಕ್ತಿಯಿಲ್ಲ. ಹಚ್ಚಿದ ದನದ ಮೈಗೆ ಒರಗಿದರೂ, ಮಿಕ್ಕ ಔಷಧದ ಬಕೆಟ್ ನೆಕ್ಕಿದರೂ ಜೊಲ್ಲು, ವಾಂತಿ, ನಡುಕ, ಫಿಟ್ಸ್ ಬರಬಹುದು. ಮೈಗೆ ತಾಗಿದ್ದರೆ ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವ ಸೋಪು ಹಾಕಿ ತೊಳೆದು, ಒರೆಸಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಈಗಾಗಲೇ ಫಿಟ್ಸ್ ಬರುತ್ತಿದ್ದರೆ ತೊಳೆಯುತ್ತ ಕೂರದೆ ನೇರವಾಗಿ ಹೊರಡಿ.

ಪ್ಯಾರಸಿಟಮಾಲ್: ನಾವು ಜ್ವರಕ್ಕೆ ನುಂಗುವ 500 ಮಿಲಿಗ್ರಾಂನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಒಸಡು ಕಂದು ಅಥವಾ ನೀಲಿಯಾಗುತ್ತದೆ, ಮುಖ ಬಾಯುತ್ತದೆ, ಉಸಿರು ಕಟ್ಟುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಬೇಡ.

ಫಿನಾಯಿಲ್: ಕೊಟ್ಟಿಗೆ, ನೆಲ ತೊಳೆದ ಫಿನಾಯಿಲ್ ಬೆಕ್ಕಿನ ಪಾದಕ್ಕೆ ಹತ್ತಿ, ನೆಕ್ಕಿದಾಗ ಹೊಟ್ಟೆ ಸೇರುತ್ತದೆ. ನೆಲ ಪೂರ್ತಿ ಒಣಗುವವರೆಗೆ ಬೆಕ್ಕನ್ನು ಬಿಡಬೇಡಿ.

ವಿಷವೆಂಬ ಅನುಮಾನ ಬಂದರೆ ಉಪ್ಪು ನೀರು, ಎಣ್ಣೆ, ಹಾಲು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಕಷ್ಟ. ವಿಷದ ಪೊಟ್ಟಣವನ್ನು ಜೊತೆಗೆ ಒಯ್ಯುವುದೇ ದೊಡ್ಡ ಉಪಕಾರ.

ಮನೆಯಲ್ಲಿ ಮಾಡಬಹುದಾದ ಆರೈಕೆ

ಬೆಳೆದ ಬೆಕ್ಕು ಒಂದೆರಡು ಸಲ ಕಕ್ಕಿ, ನಂತರ ಚುರುಕಾಗಿ ಓಡಾಡಿಕೊಂಡಿದ್ದರೆ ಹೀಗೆ ಮಾಡಿ:

- 4ರಿಂದ 6 ಗಂಟೆ ಆಹಾರ ಹಾಕಬೇಡಿ. ಮರಿಗಳನ್ನು ಮಾತ್ರ ಉಪವಾಸ ಕೆಡವಬಾರದು.
- ನೀರು ತೆಗೆಯಬೇಡಿ. ಸ್ವಲ್ಪ ಸ್ವಲ್ಪವಾಗಿ ಪದೇಪದೇ ಇಡಿ. ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಮೈಯ ನೀರು ಬೇಗ ಆರುತ್ತದೆ.
- ನಂತರ ಉಪ್ಪು, ಖಾರ, ಎಣ್ಣೆ ಇಲ್ಲದೆ ಬೇಯಿಸಿದ, ಎಲುಬು ತೆಗೆದ ಕೋಳಿ ಮಾಂಸವನ್ನು ಒಂದೊಂದು ಚಮಚ ಕೊಡಿ. ಒಂದೆರಡು ದಿನಗಳಲ್ಲಿ ಎಂದಿನ ಆಹಾರಕ್ಕೆ ಬನ್ನಿ.
- ಮನುಷ್ಯರ ವಾಂತಿ ಮಾತ್ರೆ ಕೊಡಬೇಡಿ.
- ಮೇವಿನ ಮೇಲೆ, ಗೋದಲಿಯಲ್ಲಿ ಬೆಕ್ಕು ಕಕ್ಕಿದ್ದರೆ ಅಷ್ಟು ಮೇವನ್ನು ತೆಗೆದುಹಾಕಿ, ಕೈ ತೊಳೆದು ಹಾಲು ಕರೆಯಿರಿ.

ತಡ ಮಾಡದೆ ಆಸ್ಪತ್ರೆಗೆ ಒಯ್ಯಬೇಕಾದ ಲಕ್ಷಣಗಳು

- ಒಂದೇ ದಿನದಲ್ಲಿ ಮೂರಕ್ಕಿಂತ ಹೆಚ್ಚು ಸಲ ವಾಂತಿ, ಅಥವಾ ನೀರೂ ನಿಲ್ಲದಿರುವುದು.
- ವಾಂತಿಯಲ್ಲಿ ರಕ್ತ ಅಥವಾ ಕಾಫಿ ಪುಡಿಯಂಥ ಕಪ್ಪು ಪದಾರ್ಥ.
- 24 ಗಂಟೆ ಏನೂ ತಿನ್ನದಿರುವುದು. ದಿನಗಟ್ಟಲೆ ಉಪವಾಸ ಬಿದ್ದ ಬೆಕ್ಕಿನ, ಅದರಲ್ಲೂ ದಪ್ಪಗಿರುವ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಕುತ್ತು ಬರುತ್ತದೆ.
- ಲಸಿಕೆ ಹಾಕಿಸದ ಮರಿಗೆ ವಾಂತಿ, ಜ್ವರ, ಭೇದಿ. ಇದು ಪ್ಯಾನ್‌ಲ್ಯುಕೋಪೀನಿಯಾ ಎಂಬ ವೈರಸ್ ರೋಗವಿರಬಹುದು. ದನಗಳಿಗೆ ಹರಡುವುದಿಲ್ಲ; ಆದರೆ ಮರಿಗಳನ್ನು ಬೇಗ ಬಲಿ ತೆಗೆದುಕೊಳ್ಳುತ್ತದೆ. 6ರಿಂದ 8 ವಾರದ ವಯಸ್ಸಿನಿಂದಲೇ ಲಸಿಕೆ ಶುರು ಮಾಡಬಹುದು.
- ಗಂಡು ಬೆಕ್ಕು ಮೂತ್ರಕ್ಕೆ ತಿಣುಕಿ, ಹನಿಯೂ ಬಾರದೆ ವಾಂತಿ ಮಾಡುವುದು. ಇದರಲ್ಲಿ ಗಂಟೆಗಳ ಲೆಕ್ಕ.
- ಬಾಯಿಂದ ಅಥವಾ ಗುದದಿಂದ ದಾರ ನೇತಾಡುವುದು. ಎಳೆಯಬೇಡಿ, ಕರುಳು ಕೊಯ್ದುಹೋಗುತ್ತದೆ.
- 10 ವರ್ಷ ದಾಟಿದ ಬೆಕ್ಕು ಪದೇಪದೇ ಕಕ್ಕುತ್ತಾ ತೆಳ್ಳಗಾಗುವುದು. ಮೂತ್ರಪಿಂಡ ಅಥವಾ ಥೈರಾಯ್ಡ್ ತೊಂದರೆ ಇರಬಹುದು.

ಎಲ್ಲಿಗೆ ಒಯ್ಯಬೇಕು?

ಸರಕಾರಿ ಪಶು ಆಸ್ಪತ್ರೆ ದನಗಳಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ಹಲವರಲ್ಲಿದೆ. ಅಲ್ಲಿ ನಾಯಿ-ಬೆಕ್ಕುಗಳನ್ನೂ ತೋರಿಸಬಹುದು. ಕಮಲಾಪುರ ಭಾಗದವರು ಮೊದಲು ಹತ್ತಿರದ ಪಶು ಆಸ್ಪತ್ರೆಯಲ್ಲಿ ತೋರಿಸಿ, ಹೆಚ್ಚಿನ ತಪಾಸಣೆ ಬೇಕೆಂದರೆ ಕಲಬುರಗಿ ನಗರಕ್ಕೆ ಒಯ್ಯಬಹುದು. ಹುಮನಾಬಾದ ಮಾರ್ಗವಾಗಿ ಹೋದರೆ ಬೀದರಿನಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೂ ಇದೆ. ಸಮೀಪದ ವೈದ್ಯರ ಮಾಹಿತಿಗೆ 1962 ಪಶು ಸಹಾಯವಾಣಿಗೆ ಕರೆ ಮಾಡಿ ಕೇಳಿ.

ಬೆಕ್ಕನ್ನು ಗೊಬ್ಬರದ ಚೀಲದಲ್ಲಿ ಕಟ್ಟಿ ಒಯ್ಯಬೇಡಿ. ಗಾಳಿಯಾಡುವ ಮುಚ್ಚಳದ ಬುಟ್ಟಿಯಲ್ಲಿ ಬಟ್ಟೆ ಹಾಸಿ ಕೂರಿಸಿ. ನೋವಿನಲ್ಲಿರುವ ಬೆಕ್ಕು ಸಾಕಿದವರನ್ನೂ ಕಚ್ಚುತ್ತದೆ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು 15 ನಿಮಿಷ ಸೋಪು ನೀರಿನಲ್ಲಿ ತೊಳೆದು, ಅದೇ ದಿನ ಸರಕಾರಿ ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆಯ ಬಗ್ಗೆ ವಿಚಾರಿಸಿ.

ಇಂದೇ ಒಂದು ಕೆಲಸ ಮಾಡಿ: ಮನೆಯಲ್ಲಿರುವ ಇಲಿ ಪಾಷಾಣ, ಉಣ್ಣೆ ಔಷಧ, ಮಾತ್ರೆಗಳನ್ನು ಒಟ್ಟುಮಾಡಿ ಮುಚ್ಚಳವಿರುವ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ. ಇದರಿಂದ ಬೆಕ್ಕೂ ಉಳಿಯುತ್ತದೆ, ಕರುಗಳೂ ಉಳಿಯುತ್ತವೆ, ಮನೆಯ ಮಕ್ಕಳಿಗೂ ಕ್ಷೇಮ.