ಮಾಚು ಪಿಚು: ಟಿಕೆಟ್‌ಗೆ ಮುನ್ನ ಬೆಟ್ಟದ ಲೆಕ್ಕ

ಮೋಡಗಳ ನಡುವೆ ತೇಲುತ್ತಿರುವಂತೆ ಕಾಣುವ ಕಲ್ಲಿನ ಊರು! ಮಾಚು ಪಿಚುವಿನ ಚಿತ್ರವನ್ನು ಒಮ್ಮೆಯಾದರೂ ನೋಡದ ವಿದ್ಯಾರ್ಥಿ ವಿರಳ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಆಂಡಿಸ್ ಪರ್ವತಶ್ರೇಣಿಯ ಒಂದು ಏಣಿನ ಮೇಲೆ, ಸಮುದ್ರಮಟ್ಟದಿಂದ ಸುಮಾರು 2,430 ಮೀಟರ್ ಎತ್ತರದಲ್ಲಿ ಈ ಊರಿದೆ. ಹದಿನೈದನೆಯ ಶತಮಾನದಲ್ಲಿ ಇಂಕಾ ದೊರೆ ಪಚಕೂಟಿಯ ಕಾಲದಲ್ಲಿ ಇದನ್ನು ಕಟ್ಟಿದರೆಂದು ವಿದ್ವಾಂಸರ ಅಭಿಪ್ರಾಯ. ಕಬ್ಬಿಣದ ಉಳಿಯಿಲ್ಲ, ಚಕ್ರದ ಬಂಡಿಯಿಲ್ಲ, ಲಿಪಿಯೂ ಇಲ್ಲ. ಆದರೂ ಗಾರೆಯಿಲ್ಲದೆ ಜೋಡಿಸಿದ ಕಲ್ಲುಗಳು ಭೂಕಂಪಗಳನ್ನು ತಾಳಿಕೊಂಡು ಇಂದಿಗೂ ನಿಂತಿವೆ. 1911ರಲ್ಲಿ ಅಮೆರಿಕದ ಹಿರಾಮ್ ಬಿಂಗ್‌ಹ್ಯಾಮ್ ಸ್ಥಳೀಯ ರೈತರ ನೆರವಿನಿಂದ ಇಲ್ಲಿಗೆ ತಲುಪಿದ ಮೇಲೆ ಹೊರಜಗತ್ತಿಗೆ ಇದರ ಪರಿಚಯವಾಯಿತು. 1983ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಭಾರತದಿಂದ ಪೆರುವಿಗೆ ನೇರ ವಿಮಾನವಿಲ್ಲ. ಯೂರೋಪ್ ಅಥವಾ ಅಮೆರಿಕದ ಮೂಲಕ ರಾಜಧಾನಿ ಲಿಮಾ ತಲುಪಬೇಕು. ಅಮೆರಿಕದಲ್ಲಿ ಓದುವ ಮಕ್ಕಳನ್ನು ನೋಡಲು ಹೋದ ತಂದೆತಾಯಿಗಳಿಗೆ 'ಇಷ್ಟು ದೂರ ಬಂದಿದ್ದೇವೆ, ಅದನ್ನೂ ನೋಡಿಬಿಡೋಣ' ಎನ್ನಿಸುವುದು ಸಹಜ. ಆಸೆ ಒಳ್ಳೆಯದೇ. ಆದರೆ ಈ ಪ್ರವಾಸದ ದಿನಾಂಕವನ್ನು ನಿರ್ಧರಿಸುವುದು ನಮ್ಮ ರಜೆಯೊಂದೇ ಅಲ್ಲ. ಎತ್ತರ, ಮಳೆ ಮತ್ತು ಪ್ರವೇಶದ ಮಿತಿ. ಈ ಮೂರರ ಲೆಕ್ಕ ತಪ್ಪಿದರೆ ಹಣವೂ ಹೋದೀತು, ಆರೋಗ್ಯವೂ ಕೆಟ್ಟೀತು.

ಗಾಳಿ ತೆಳುವಾದಾಗ

ಮೊದಲು ಎತ್ತರ. ಲಿಮಾ ಸಮುದ್ರದ ದಂಡೆಯ ಊರು. ಅಲ್ಲಿಂದ ಸುಮಾರು ಒಂದೂಕಾಲು ಗಂಟೆಯ ವಿಮಾನಯಾನದಲ್ಲಿ ಕುಸ್ಕೋ ನಗರ. ಅದರ ಎತ್ತರ ಸುಮಾರು 3,400 ಮೀಟರ್! ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎಂಬುದನ್ನು ನೆನೆದರೆ, ಇದು ನಮ್ಮ ದೇಹಕ್ಕೆ ಎಷ್ಟು ಹೊಸದು ಎಂಬುದು ತಿಳಿಯುತ್ತದೆ.

'ಅಲ್ಲಿ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಕಡಿಮೆ' ಎನ್ನುವುದು ರೂಢಿಯ ಮಾತು. ನಿಜವಾಗಿ ಅಲ್ಲಿಯೂ ಆಮ್ಲಜನಕ ಶೇಕಡ 21ರಷ್ಟೇ ಇದೆ. ಕಡಿಮೆಯಾಗುವುದು ಗಾಳಿಯ ಒತ್ತಡ. ಕುಸ್ಕೋದಲ್ಲಿ ಅದು ಸಮುದ್ರಮಟ್ಟದ ಸುಮಾರು ಮೂರರಲ್ಲಿ ಎರಡು ಪಾಲು. ಹಾಗಾಗಿ ಪ್ರತಿ ಉಸಿರಿನಲ್ಲಿ ದೊರೆಯುವ ಆಮ್ಲಜನಕವೂ ಅಷ್ಟೇ. ನೀರು ಸುಮಾರು 89 ಡಿಗ್ರಿಯಲ್ಲೇ ಕುದಿದುಬಿಡುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಹೆಚ್ಚು ಹೊತ್ತು ಬೇಕು. ಭೌತಶಾಸ್ತ್ರದ ಪಾಠ ಅಡುಗೆಮನೆಯಲ್ಲೇ ಕಾಣುತ್ತದೆ.

ದೇಹ ಈ ಬದಲಾವಣೆಗೆ ಹೊಂದಿಕೊಳ್ಳಬಲ್ಲದು, ಆದರೆ ಅದಕ್ಕೆ ಕೆಲವು ದಿನ ಬೇಕು. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಮೊದಲ ಸೂಚನೆಗಳು. ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ, ನಡಿಗೆ ತೂರಾಡಿದರೆ, ಮಾತು ತಡವರಿಸಿದರೆ ಅದು ಪ್ರಾಣಾಪಾಯದ ಸೂಚನೆ. ಕೂಡಲೇ ಕೆಳಗಿಳಿಯಬೇಕು, ವೈದ್ಯರನ್ನು ಕಾಣಬೇಕು. ದೃಢಕಾಯದ ತರುಣನಿಗೆ ಇದು ಬಾರದು ಎಂಬ ನಂಬಿಕೆ ಸರಿಯಲ್ಲ. ಹೃದಯ, ಶ್ವಾಸಕೋಶದ ತೊಂದರೆ ಅಥವಾ ರಕ್ತಹೀನತೆ ಇರುವವರು ಹೊರಡುವ ಮೊದಲೇ ವೈದ್ಯರ ಸಲಹೆ ಪಡೆಯಬೇಕು.

ಇಲ್ಲಿ ಒಂದು ಅನುಕೂಲವಿದೆ. ಮಾಚು ಪಿಚು ಕುಸ್ಕೋಗಿಂತ ಸುಮಾರು ಸಾವಿರ ಮೀಟರ್ ಕೆಳಗಿದೆ! ಆದ್ದರಿಂದ ಕುಸ್ಕೋದಲ್ಲಿ ವಿಮಾನ ಇಳಿದ ದಿನವೇ ರಸ್ತೆಯ ಮೂಲಕ ಸುಮಾರು 2,800 ಮೀಟರ್ ಎತ್ತರದ ಒಲಾಂಟಾಯ್‌ಟಾಂಬೊ ಊರಿಗೆ ಇಳಿದು, ಎರಡು ರಾತ್ರಿ ಅಲ್ಲಿ ಮಲಗುವುದು ಜಾಣತನ. ಮಾಚು ಪಿಚು ನೋಡಿದ ಮೇಲೆ, ದೇಹ ಪಳಗಿದ ನಂತರ, ಕುಸ್ಕೋದಲ್ಲಿ ಸುತ್ತಾಡಬಹುದು.

ಯಾವ ತಿಂಗಳು?

ಪೆರು ಭೂಮಧ್ಯರೇಖೆಯ ದಕ್ಷಿಣಕ್ಕಿದೆ. ನಮ್ಮ ಬೇಸಿಗೆ ರಜೆಯ ಏಪ್ರಿಲ್-ಮೇ ವೇಳೆಗೆ ಅಲ್ಲಿ ಮಳೆಗಾಲ ಮುಗಿದು ಒಣಹವೆ ಆರಂಭವಾಗುತ್ತದೆ. ನವೆಂಬರಿನಿಂದ ಮಾರ್ಚ್‌ವರೆಗೆ ಮಳೆ ಜೋರು. 2010ರ ಜನವರಿಯಲ್ಲಿ ಉರುಬಾಂಬ ನದಿ ಉಕ್ಕಿ ರೈಲುಹಳಿ ಕೊಚ್ಚಿಹೋಯಿತು. ಸಾವಿರಾರು ಪ್ರವಾಸಿಗರು ಸಿಕ್ಕಿಹಾಕಿಕೊಂಡು, ಹೆಲಿಕಾಪ್ಟರುಗಳಲ್ಲಿ ಹೊರಬರಬೇಕಾಯಿತು. 2023ರ ಆರಂಭದಲ್ಲಿ ರಾಜಕೀಯ ಪ್ರತಿಭಟನೆಗಳಿಂದ ಮಾಚು ಪಿಚು ಕೆಲವು ವಾರ ಮುಚ್ಚಿತ್ತು. ಆದುದರಿಂದ ಮರಳುವ ವಿಮಾನಕ್ಕೆ ಮುನ್ನ ಒಂದೆರಡು ದಿನ ಖಾಲಿ ಇಟ್ಟುಕೊಳ್ಳುವುದು ಲೇಸು.

ಪ್ರವೇಶವೇ ಮೊದಲು

ನಾವು ಸಾಮಾನ್ಯವಾಗಿ ಮೊದಲು ವಿಮಾನದ ಟಿಕೆಟ್ ಕೊಂಡು, ಮಿಕ್ಕದ್ದನ್ನು 'ಅಲ್ಲಿ ಹೋಗಿ ನೋಡೋಣ' ಎನ್ನುತ್ತೇವೆ. ಇಲ್ಲಿ ಈ ಕ್ರಮವನ್ನು ತಿರುವುಮುರುವು ಮಾಡಬೇಕು. 2024ರಲ್ಲಿ ಗೊತ್ತುಮಾಡಿದಂತೆ ಸಾಮಾನ್ಯ ದಿನಗಳಲ್ಲಿ 4,500 ಮಂದಿಗೆ, ದಟ್ಟಣೆಯ ಕೆಲವು ದಿನಗಳಲ್ಲಿ 5,600 ಮಂದಿಗೆ ಮಾತ್ರ ಪ್ರವೇಶ. ಟಿಕೆಟ್‌ನಲ್ಲಿ ದಿನ, ಗಂಟೆ, ನಡೆಯಬೇಕಾದ ದಾರಿ ಎಲ್ಲವೂ ನಮೂದಾಗಿರುತ್ತದೆ. ಎಲ್ಲ ದಾರಿಗಳಿಂದಲೂ ಎಲ್ಲವೂ ಕಾಣುವುದಿಲ್ಲ. ನಕ್ಷೆ ನೋಡಿಯೇ ಆರಿಸಿ. ಟಿಕೆಟ್‌ನಲ್ಲಿರುವ ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಬಾಗಿಲಲ್ಲಿ ತೋರಿಸುವ ಮೂಲ ಪಾಸ್‌ಪೋರ್ಟಿಗೆ ಹೊಂದಬೇಕು. ಮಕ್ಕಳಿಗೂ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೂ ರಿಯಾಯಿತಿ ಉಂಟು. ಗುರುತಿನ ಚೀಟಿ ಜೊತೆಗಿರಲಿ.

ಪೆರುವಿನ ಸಂಸ್ಕೃತಿ ಸಚಿವಾಲಯದ ಅಧಿಕೃತ ಜಾಲತಾಣದಲ್ಲಿ ಟಿಕೆಟ್ ಕೊಳ್ಳಬಹುದು. ಅದು ಖಚಿತವಾದ ಮೇಲೆ ಒಲಾಂಟಾಯ್‌ಟಾಂಬೊದಿಂದ ಬೆಟ್ಟದಡಿಯ ಅಗ್ವಾಸ್ ಕ್ಯಾಲಿಯೆಂಟೆಸ್‌ಗೆ ರೈಲು, ಅಲ್ಲಿ ವಸತಿ, ಬೆಟ್ಟದ ಮೇಲಕ್ಕೆ ಬಸ್ಸು. ವಿಮಾನ ಕೊನೆಗೆ. ನಾಲ್ಕು ದಿನ, ಸುಮಾರು 43 ಕಿಲೋಮೀಟರ್ ನಡೆದು ಸೇರುವ ಪ್ರಸಿದ್ಧ ಇಂಕಾ ಹಾದಿಯೂ ಇದೆ. ಅಲ್ಲಿ ಮಾರ್ಗದರ್ಶಿ, ಕೂಲಿಗಳೂ ಸೇರಿ ದಿನಕ್ಕೆ 500 ಮಂದಿಗಷ್ಟೇ ಅನುಮತಿ. ಪರವಾನಗಿ ಪಡೆದ ಸಂಸ್ಥೆಯ ಮೂಲಕವೇ ಹೋಗಬೇಕು. ಫೆಬ್ರವರಿಯಲ್ಲಿ ದುರಸ್ತಿಗಾಗಿ ಹಾದಿಯನ್ನು ಮುಚ್ಚುತ್ತಾರೆ.

ಕಾಗದಪತ್ರಗಳು

ಭಾರತೀಯರಿಗೆ ಪೆರುವಿನ ವೀಸಾ ಬೇಕು. ಅಮೆರಿಕ, ಬ್ರಿಟನ್ ಮುಂತಾದ ಕೆಲವು ದೇಶಗಳ ಸಾಕಷ್ಟು ಅವಧಿಯುಳ್ಳ ವೀಸಾ ಇದ್ದವರಿಗೆ ವಿನಾಯಿತಿ ಇದೆ. ರಾಯಭಾರ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ.

ಬಹುಮಂದಿ ಮರೆಯುವುದು ಹಳದಿ ಜ್ವರದ ಲಸಿಕೆ. ಅದನ್ನು ಹರಡುವ ಸೊಳ್ಳೆಗೆ ಮಾಚು ಪಿಚುವಿನ ಎತ್ತರ ಒಗ್ಗದು. ಆದರೆ ನಮ್ಮ ಸರ್ಕಾರ ಇಡೀ ಪೆರುವನ್ನು ಹಳದಿ ಜ್ವರದ ಪಟ್ಟಿಯಲ್ಲಿ ಇರಿಸಿದೆ. ಅಲ್ಲಿಂದ ಹೊರಟು ಆರು ದಿನಗಳೊಳಗೆ ಭಾರತಕ್ಕೆ ಮರಳುವವರ ಬಳಿ ಪ್ರಮಾಣಪತ್ರ ಇರದಿದ್ದರೆ, ಇಲ್ಲಿ ಬಂದಿಳಿದಾಗ ಪ್ರತ್ಯೇಕವಾಸ ತಪ್ಪದು. ಲಸಿಕೆ ಹಾಕಿಸಿದ ಹತ್ತು ದಿನಗಳ ನಂತರವೇ ಪತ್ರಕ್ಕೆ ಮಾನ್ಯತೆ. ಅರವತ್ತು ದಾಟಿದವರು ವೈದ್ಯರನ್ನು ಕೇಳಿಯೇ ಹಾಕಿಸಿಕೊಳ್ಳಬೇಕು.

ಮಿತಿ ಏಕೆ?

ಇಷ್ಟೊಂದು ನಿರ್ಬಂಧಗಳೇಕೆ ಎಂದು ಬೇಸರಪಡುವವರಿದ್ದಾರೆ. ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆ ಬೀಳುವ ಕಡಿದಾದ ಬೆಟ್ಟದ ಮೇಲಿನ ಊರು ಅದು. ಮಳೆನೀರು ಇಂಗಿ ಹರಿದುಹೋಗಲೆಂದು ಇಂಕಾ ಜನ ಮೆಟ್ಟಿಲು ಹೊಲಗಳ ಅಡಿಯಲ್ಲಿ ಕಲ್ಲುಚೂರು, ಜಲ್ಲಿ, ಮಣ್ಣುಗಳನ್ನು ಪದರಪದರವಾಗಿ ತುಂಬಿದರು. ಬುಗ್ಗೆಯ ನೀರನ್ನು 749 ಮೀಟರ್ ಉದ್ದದ ಕಾಲುವೆಯಲ್ಲಿ ತಂದು 16 ಕಾರಂಜಿಗಳಿಗೆ ಹರಿಸಿದರು. ಅವರು ಬೆಟ್ಟದ ಸ್ವಭಾವ ಅರಿತು ಊರು ಕಟ್ಟಿದರು. ಅದಕ್ಕೇ ಊರು ಉಳಿಯಿತು. ನಿತ್ಯ ಸಾವಿರಾರು ಪಾದಗಳು ತುಳಿಯುವ ಇಂದಿನ ಹೊರೆ ಅವರ ಲೆಕ್ಕದಲ್ಲಿರಲಿಲ್ಲ. ಆ ಲೆಕ್ಕ ನಮ್ಮದು.

ತಂದೆತಾಯಿಗಳಿಗೊಂದು ಸಲಹೆ. ಈ ಯೋಜನೆಯ ಕೆಲಸವನ್ನು ಮಕ್ಕಳಿಗೇ ಒಪ್ಪಿಸಿ. ನಕ್ಷೆ ಹರಡಿಕೊಂಡು ಎತ್ತರಗಳನ್ನು ಬರೆಯಲಿ, ಮಳೆಯ ತಿಂಗಳುಗಳನ್ನು ಗುರುತಿಸಲಿ, ಖರ್ಚನ್ನು ಕೂಡಿ ಕಳೆಯಲಿ. ಅಂತಿಮವಾಗಿ ಹೋಗುವುದು ಸಾಧ್ಯವಾಗದೆ ಹೋದರೂ ಭೂಗೋಳ, ವಿಜ್ಞಾನ, ಗಣಿತ ಮೂರನ್ನೂ ಕಲಿತಂತಾಗುತ್ತದೆ. ಹೋಗುವುದಾದರೆ, 'ನಿಧಾನವೇ ಪ್ರಧಾನ' ಎಂಬ ನಮ್ಮ ಹಿರಿಯರ ಮಾತನ್ನು ಮರೆಯದೆ ಕೊಂಡೊಯ್ಯಿರಿ. ಆಂಡಿಸ್ ಪರ್ವತದಲ್ಲಿ ಅದಕ್ಕಿಂತ ಒಳ್ಳೆಯ ಔಷಧವಿಲ್ಲ.