ಹುಳಿಯ ಸರದಿ

ಕನ್ನಡದಲ್ಲಿ ಹುಳಿ ಎಂಬುದು ಒಂದು ರುಚಿಯ ಹೆಸರು. ಎಲೆಗೆ ಬಡಿಸುವ ಒಂದು ವ್ಯಂಜನದ ಹೆಸರೂ ಹೌದು. ಬಂಗಾಳಿಯ ‘ಟಕ್’ ಎಂಬ ಮಾತಿನ ಪಾಡೂ ಇದೇ. ಹುಳಿರುಚಿಯನ್ನು ಹೇಳುವ ಆ ಶಬ್ದವೇ ಮೀನಿನ ಹುಳಿಸಾರಿಗೂ ಹೆಸರಾಗಿ ನಿಂತಿದೆ. ಸಂಸ್ಕೃತದ ಅಮ್ಲ ಶಬ್ದದಿಂದ ಬಂದ ‘ಅಂಬಲ್’ ಎಂಬ ಇನ್ನೊಂದು ಹೆಸರೂ ಅದಕ್ಕುಂಟು. ಅಜೀರ್ಣದ ಎದೆಯುರಿಯನ್ನೂ ಬಂಗಾಳಿಗಳು ಅಂಬಲ್ ಎಂದೇ ಕರೆಯುವುದು ಭಾಷೆಯ ವಿನೋದವೆನ್ನಬೇಕು.

ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದಂದಿನಿಂದ ಬಂಗಾಳದ ಅಂಗಳವೂ ನಡುಮನೆಯೂ ನಮ್ಮ ಓದುಗರಿಗೆ ಪರಿಚಿತ. ಅಡುಗೆಮನೆಯ ಹೊಸ್ತಿಲನ್ನು ದಾಟಿದವರು ಮಾತ್ರ ವಿರಳ. ನನಗೆ ಆ ಭಾಗ್ಯ ಕೋಲ್ಕತ್ತದಲ್ಲಿ, ಸ್ನೇಹಿತರೊಬ್ಬರ ಮನೆಯಲ್ಲಿ ಒದಗಿತು. ಅವರ ತಾಯಿಯನ್ನು ಅಲ್ಲಿಯ ವಾಡಿಕೆಯಂತೆ ‘ಮಾಶಿಮಾ’ ಎಂದು ಕರೆದೆ.

ಅಂದು ಅವರು ಮಾಡಿದ್ದು ಮೌರಲಾ ಮೀನಿನ ಟಕ್. ಮೌರಲಾ ಎಂದರೆ ಕೆರೆಕೊಳಗಳಲ್ಲಿ ಸಿಗುವ, ಬೆರಳುದ್ದದ ಬೆಳ್ಳಿಬಣ್ಣದ ಮೀನು, ಮುಳ್ಳುಸಹಿತ ತಿನ್ನುತ್ತಾರೆ. ಕಾಲು ಕಿಲೋ ಮೀನಿನ ಹೊಟ್ಟೆಯನ್ನು ಒಂದೊಂದಾಗಿ ಹಿಸುಕಿ ಶುಚಿಮಾಡಿ, ಉಪ್ಪು ಅರಿಸಿನ ಸವರಿಟ್ಟರು. ಸಾಸಿವೆಯೆಣ್ಣೆಯನ್ನು ಹೊಗೆಯಾಡುವವರೆಗೆ ಕಾಯಿಸಿ, ಮೀನನ್ನು ಗರಿಗರಿಯಾಗಿ ಕರಿದು ತೆಗೆದರು. ಉಳಿದ ಎಣ್ಣೆಯಲ್ಲಿ ಸಾಸಿವೆ, ಎರಡು ಒಣಮೆಣಸಿನಕಾಯಿಗಳ ಒಗ್ಗರಣೆ. ಅದು ಸಿಡಿದ ಮೇಲೆ ನಿಂಬೆಗಾತ್ರದ ಹುಣಸೆಹಣ್ಣಿನ ರಸ, ನೀರು, ಉಪ್ಪು, ಅರಿಸಿನ, ಒಂದಿಷ್ಟು ಬೆಲ್ಲ. ರಸ ಕುದಿದು ಹಸಿವಾಸನೆ ಹೋದಾಗ ಮೀನನ್ನು ಬಿಟ್ಟು, ಎರಡು ಕುದಿ ಬಂದೊಡನೆ ಇಳಿಸಿದರು. ತೆಂಗಿನಕಾಯಿಯಿಲ್ಲ, ಅರೆಯುವ ಮಸಾಲೆಯಿಲ್ಲ.

ನಮ್ಮ ಕರಾವಳಿಯಲ್ಲಿ ಹುಣಸೆಹುಳಿ ಮೀನುಸಾರಿನ ನಿತ್ಯದ ಸಂಗಾತಿ. ಬಂಗಾಳದಲ್ಲಿ ಹುಳಿಗೆ ಪ್ರತ್ಯೇಕವಾದ ಸರದಿಯೇ ಇದೆ. ಅಲ್ಲಿಯ ಕ್ರಮವಾದ ಊಟ ಕಹಿಯಾದ ಶುಕ್ತೋದಿಂದ ಮೊದಲಾಗಿ ಬೇಳೆ, ಪಲ್ಯ, ಮೀನಿನ ಝೋಲ್‌ಗಳನ್ನು ದಾಟಿ ಹುಳಿಗೆ ಬರುತ್ತದೆ. ಅದರ ಬೆನ್ನಿಗೆ ಸಿಹಿ. ಆ ವೇಳೆಗೆ ಟಕ್ ಆರಿ ತಣ್ಣಗಾಗಿರಬೇಕು.

ಬೆಲ್ಲದ ಅಳತೆಯೆಷ್ಟೆಂದು ಕೇಳಿದೆ. “ಅಳತೆಯೇನು ಬಂತು ಮಗು! ಹದವನ್ನು ನನಗೆ ಕಲಿಸಿದವರು ನನ್ನ ಸೋದರತ್ತೆ. ಅವರು ಇದನ್ನು ಬಾಯಿಗಿಟ್ಟದ್ದನ್ನು ನಾನು ಕಂಡಿಲ್ಲ” ಎಂದರು ಮಾಶಿಮಾ.

ಆ ಅತ್ತೆ ಎಳೆಯ ವಯಸ್ಸಿನಲ್ಲೇ ವಿಧವೆಯಾದವರು. ಬಂಗಾಳದ ಮೇಲುಜಾತಿಯ ಹಿಂದೂ ಮನೆಗಳಲ್ಲಿ ವಿಧವೆಗೆ ಮೀನು ನಿಷಿದ್ಧ. ಈರುಳ್ಳಿ ಬೆಳ್ಳುಳ್ಳಿಗಳೂ ವರ್ಜ್ಯ. ಈಶ್ವರಚಂದ್ರ ವಿದ್ಯಾಸಾಗರರ ಪರಿಶ್ರಮದಿಂದ 1856ರಲ್ಲಿ ವಿಧವಾವಿವಾಹಕ್ಕೆ ಕಾನೂನಿನ ಸಮ್ಮತಿ ದೊರೆಯಿತು. ಆದರೆ ಊಟದ ತಟ್ಟೆಯವರೆಗೆ ಕಾನೂನಿನ ಕೈ ಚಾಚಲಿಲ್ಲ. ಅತ್ತೆ ಮೀನಿನ ಒಲೆಯ ಬಳಿಗೆ ಬಾರದೆ ಹೊಸ್ತಿಲಾಚೆಯೇ ನಿಂತು, ವಾಸನೆಯಿಂದಲೇ “ಹುಳಿ ಮುಂದಾಯಿತು, ಇನ್ನೊಂದು ಚೂರು ಬೆಲ್ಲ ಹಾಕು” ಎನ್ನುತ್ತಿದ್ದರಂತೆ.

ಬಂಗಾಳದ ನಿರಾಮಿಷ ಅಡುಗೆಯ ನಯವನ್ನು ಎಲ್ಲರೂ ಕೊಂಡಾಡುತ್ತಾರೆ. ಆ ನಯದ ಬಹುಪಾಲು ಇಂಥ ಹೆಂಗಸರ ಕೈಗಳಿಂದ ಬಂದುದು. ಅವರ ಜಾಣ್ಮೆಯನ್ನು ಹೊಗಳುವಾಗ, ಅವರಿಂದ ಕಸಿದುಕೊಂಡ ತುತ್ತನ್ನು ಮರೆಯುವುದು ನ್ಯಾಯವಲ್ಲ.

ಈ ಕಟ್ಟಳೆ ಇಂದು ಎಷ್ಟೋ ಮನೆಗಳಲ್ಲಿ ಸಡಿಲಿದೆ. ಮಾಶಿಮಾ ಸಹ ಪತಿಯನ್ನು ಕಳೆದುಕೊಂಡವರೇ. ಆದರೆ ಅವರು ಮೀನು ಬಿಡಲಿಲ್ಲ, ಮಕ್ಕಳು ಬಿಡಗೊಡಲೂ ಇಲ್ಲ. ಒಲೆಯಿಂದ ಇಳಿಸುವ ಮೊದಲು ಅವರು ಒಂದು ತೊಟ್ಟನ್ನು ಅಂಗೈಗೆ ಬಿಟ್ಟುಕೊಂಡು ರುಚಿ ನೋಡಿ, ಮತ್ತೊಂದು ಚೂರು ಬೆಲ್ಲ ಹಾಕಿದರು.